ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ತೆಗೆಸುವ ಮೊದಲು ಮಾತ್ರೆ ನಿಲ್ಲಿಸಬೇಕೆ?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿರುವವರು. ನನ್ನ ಮಾವನವರಿಗೆ 68 ವರ್ಷ. 14 ತಿಂಗಳ ಹಿಂದೆ ಮೈಸೂರಿನಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75 ಎರಡೂ ನಡೆಯುತ್ತಿವೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 7.8 ಬಂದಿದೆ. ಕೆಳಗಿನ ಎಡಬದಿಯ ಬುದ್ಧಿಹಲ್ಲು ಅರ್ಧ ಹೊರಬಂದು ಹುಳುಕಾಗಿದೆ, ಈ ವರ್ಷ ಮೂರು ಸಲ ಬಾವು ಬಂತು. ಮೇಲಿನ ಬಲಬದಿಯ ದವಡೆ ಹಲ್ಲೊಂದು ಒಸಡಿನ ಮಟ್ಟಕ್ಕೆ ಮುರಿದಿದೆ. ಎರಡನ್ನೂ ತೆಗೆಯಬೇಕೆಂದು ದಂತವೈದ್ಯರು ಹೇಳಿದ್ದಾರೆ. ನೆಂಟರೊಬ್ಬರು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಒಂದು ವಾರ ನಿಲ್ಲಿಸಿ ಹೋಗಿ, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ ಎನ್ನುತ್ತಾರೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ಭಯ ಮಾವನವರಿಗಿದೆ. ಕಕ್ಕಡ ತಿಂಗಳ ಮಳೆಯಲ್ಲಿ ಗಾಯ ಮಾಯುವುದಿಲ್ಲ, ಪುತ್ತರಿ ಹಬ್ಬ ಕಳೆದ ಮೇಲೆ ನೋಡೋಣ ಎಂದು ಮುಂದೂಡುತ್ತಿದ್ದಾರೆ. ನೋವು ಬಂದಾಗ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಮತ್ತು ಅಮಾಕ್ಸಿಸಿಲಿನ್ ತಂದು ಎರಡು ಮೂರು ದಿನ ನುಂಗುತ್ತಾರೆ. ಎಲೆ ಅಡಿಕೆ, ಹೊಗೆಸೊಪ್ಪು ಹಳೆಯ ಅಭ್ಯಾಸ. ರಸ್ತೆ ದೂರವಾದ್ದರಿಂದ ಎರಡೂ ಹಲ್ಲನ್ನು ಒಂದೇ ದಿನ ತೆಗೆಸಬಹುದೇ? ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿಸುವುದು ಒಳ್ಳೆಯದೇ? ಹೇಗೆ ಸಿದ್ಧವಾಗಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಮಾತ್ರೆಯ ವಿಷಯ, ಏಕೆಂದರೆ ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಕುತ್ತು ಬರುವ ಸಾಧ್ಯತೆಯಿದೆ. ದಯವಿಟ್ಟು ನಿಮ್ಮಷ್ಟಕ್ಕೆ ನೀವು ಆಸ್ಪಿರಿನ್ ಅನ್ನಾಗಲಿ ಕ್ಲೋಪಿಡೋಗ್ರೆಲ್ ಅನ್ನಾಗಲಿ ಒಂದು ದಿನವೂ ನಿಲ್ಲಿಸಬೇಡಿ.

ಕಾರಣ ಹೀಗಿದೆ. ಸ್ಟೆಂಟ್ ಎಂದರೆ ಹೃದಯದ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಆ ಜಾಲರಿಗೆ ಅಂಟಿಕೊಂಡು ಹೆಪ್ಪಾಗದಂತೆ ತಡೆಯಲೆಂದೇ ಈ ಎರಡು ಮಾತ್ರೆಗಳನ್ನು ಕೊಟ್ಟಿರುತ್ತಾರೆ. ಇವು ರಕ್ತವನ್ನು ನೀರಿನಂತೆ ತೆಳುವಾಗಿಸುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಶಕ್ತಿಯನ್ನಷ್ಟೇ ಕುಗ್ಗಿಸುತ್ತವೆ. ಒಂದು ಪ್ಲೇಟ್‌ಲೆಟ್‌ನ ಆಯುಸ್ಸು 7ರಿಂದ 10 ದಿನ. ಮಾತ್ರೆ ನಿಲ್ಲಿಸಿದಾಗ ದಿನದಿಂದ ದಿನಕ್ಕೆ ಹೊಸ ಕಣಗಳು ಹುಟ್ಟಿ, ವಾರದ ಕೊನೆಗೆ ಹೆಪ್ಪುಗಟ್ಟುವ ಶಕ್ತಿ ಬಹುಪಾಲು ಮರಳುತ್ತದೆ. ‘ಒಂದು ವಾರ ನಿಲ್ಲಿಸಿ’ ಎಂಬ ಹಳೆಯ ಸಲಹೆ ಹುಟ್ಟಿದ್ದು ಈ ಲೆಕ್ಕದಿಂದ. ಆದರೆ ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಲಿ ಎಂದು ಮರಳಿಸಿಕೊಂಡ ಅದೇ ಶಕ್ತಿ ಸ್ಟೆಂಟ್‌ನೊಳಗೂ ಕೆಲಸ ಮಾಡುತ್ತದೆ, ಅಲ್ಲಿ ಹೆಪ್ಪುಗಟ್ಟಿದರೆ ಆಗುವುದು ಹೃದಯಾಘಾತ. ಬಾಯಿಯ ರಕ್ತ ಕಣ್ಣಿಗೆ ಕಾಣುತ್ತದೆ, ಬೆರಳಿನಿಂದ ಒತ್ತಬಹುದು, ಹೊಲಿಗೆ ಹಾಕಬಹುದು. ಹೃದಯದ ನಾಳದಲ್ಲಿ ಕಟ್ಟಿದ ಹೆಪ್ಪಿಗೆ ಮನೆಯಲ್ಲಾಗಲಿ ದಂತವೈದ್ಯರ ಕುರ್ಚಿಯಲ್ಲಾಗಲಿ ಮಾಡಬಹುದಾದದ್ದು ಬಹಳ ಕಡಿಮೆ. ಅಮೆರಿಕದ ಹೃದ್ರೋಗ ಸಂಘ ಮತ್ತು ದಂತವೈದ್ಯರ ಸಂಘಗಳು ಸೇರಿ 2007ರಲ್ಲೇ, ಸ್ಟೆಂಟ್ ಇರುವವರು ಹಲ್ಲಿನ ಚಿಕಿತ್ಸೆಗೆಂದು ಈ ಎರಡು ಮಾತ್ರೆಗಳನ್ನು ಅವಧಿಗೆ ಮೊದಲು ನಿಲ್ಲಿಸಬಾರದೆಂದು ಎಚ್ಚರಿಸಿವೆ.

ಹಾಗೆಂದು ನೆಂಟರ ಮಾತಿನಲ್ಲಿ ಸತ್ಯಾಂಶವೇ ಇಲ್ಲ ಎನ್ನಲಾರೆ. ಎರಡೂ ಮಾತ್ರೆ ನಡೆಯುತ್ತಿರುವವರಲ್ಲಿ ರಕ್ತ ಸ್ವಲ್ಪ ಹೆಚ್ಚು ಹೊತ್ತು ಜಿನುಗುತ್ತದೆ, ಮೊದಲ ದಿನ ಉಗುಳಿನಲ್ಲಿ ಕೆಂಪು ಬಣ್ಣ ಕಾಣುತ್ತಲೇ ಇರುತ್ತದೆ. ಅದಕ್ಕೆಂದೇ ನಾವು ಗುಳಿಯೊಳಗೆ ತಾನಾಗಿ ಕರಗುವ ಜೆಲಟಿನ್ ಸ್ಪಂಜು ಇಟ್ಟು ಮೇಲೆ ಹೊಲಿಗೆ ಹಾಕುತ್ತೇವೆ, ಬೇಕೆನಿಸಿದರೆ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಕಚ್ಚಿಸುತ್ತೇವೆ, ರಕ್ತ ನಿಂತದ್ದನ್ನು ಕಣ್ಣಾರೆ ನೋಡದೆ ಮನೆಗೆ ಕಳುಹಿಸುವುದಿಲ್ಲ. ನನ್ನ ಅನುಭವದಲ್ಲಿ ಈ ಕ್ರಮಗಳಿಂದ ನಿಲ್ಲದ ರಕ್ತ ಅಪರೂಪ. ಸ್ಟೆಂಟ್ ಹಾಕಿ 14 ತಿಂಗಳಾಗಿರುವುದರಿಂದ ಎರಡು ಮಾತ್ರೆಗಳಲ್ಲಿ ಒಂದನ್ನು ಹೃದ್ರೋಗ ತಜ್ಞರೇ ಬಿಡಿಸುವ ಕಾಲ ಬಂದಿರಲೂಬಹುದು. ಆದರೆ ಆ ತೀರ್ಮಾನ ಅವರದು, ಹಲ್ಲಿಗಾಗಿ ಮಾಡುವಂಥದ್ದಲ್ಲ. ದಂತವೈದ್ಯರಿಂದ ಒಂದು ಪತ್ರ ಬರೆಸಿಕೊಂಡು ಮೈಸೂರಿನ ವೈದ್ಯರಿಗೆ ತಲುಪಿಸಿ. ಯಾವ ಹಲ್ಲು, ಮೂಳೆ ಕೊರೆಯುವ ಅಗತ್ಯವಿದೆಯೇ, ಎಷ್ಟು ಹೊತ್ತಿನ ಕೆಲಸ ಎಂಬುದು ಅದರಲ್ಲಿರಲಿ. ‘ಹಲ್ಲು ತೆಗೆಯಬಹುದೇ’ ಎಂದಷ್ಟೇ ಕೇಳಿದರೆ ‘ತೆಗೆಯಬಹುದು’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ‘ಎರಡೂ ಮಾತ್ರೆ ಮುಂದುವರಿಸಿ ತೆಗೆಯಲಿದ್ದೇವೆ, ತಮ್ಮ ಅಭಿಪ್ರಾಯವೇನು, ಬೇರೆ ಎಚ್ಚರಿಕೆ ಬೇಕೇ’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಮಾತ್ರೆಯ ವಿಚಾರದಲ್ಲೇ ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ನೀವು ಕೊನೆಯ ಸಾಲುಗಳಲ್ಲಿ ಬರೆದ ಡೈಕ್ಲೋಫೆನಾಕ್. ಅದು ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತದೆ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಜೊತೆ ಸೇರಿದಾಗ ಜಠರದಲ್ಲಿ ರಕ್ತಸ್ರಾವವಾಗುವ ಸಂಭವವನ್ನು ಹೆಚ್ಚಿಸುತ್ತದೆ. ಹೃದ್ರೋಗಿಗಳಲ್ಲಿ ಹೃದಯಾಘಾತದ ಅಪಾಯವನ್ನೂ, ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದ ಮೇಲಿನ ಹೊರೆಯನ್ನೂ ಏರಿಸುತ್ತದೆ. ಐಬುಪ್ರೊಫೆನ್ ಕೂಡ ಬೇಡ, ಅದು ಆಸ್ಪಿರಿನ್ ಮಾಡುವ ಕೆಲಸಕ್ಕೇ ಅಡ್ಡಬರುತ್ತದೆ. ಹಲ್ಲುನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರೆಯನ್ನು ಪುಡಿಮಾಡಿ ನೋಯುವ ಹಲ್ಲಿನ ಬುಡದಲ್ಲಿ ಇಡುವ ರೂಢಿಯಿದ್ದರೆ ಅದನ್ನೂ ಬಿಡಿಸಿ, ಅದರಿಂದ ಒಸಡು ಸುಟ್ಟು ಬೆಳ್ಳಗಾಗುತ್ತದೆಯೇ ಹೊರತು ನೋವು ಹೋಗುವುದಿಲ್ಲ.

ಇನ್ನು ಕಣ್ಣಿನ ಭಯ. ದೃಷ್ಟಿಯ ನರ ಮಿದುಳಿನಿಂದ ಹೊರಡುವ ಎರಡನೆಯ ನರ, ಹಲ್ಲುಗಳಿಗೆ ಬರುವುದು ಐದನೆಯ ನರದ ಕವಲುಗಳು. ಇವೆರಡಕ್ಕೂ ಸಂಬಂಧವಿಲ್ಲ, ಹಲ್ಲು ತೆಗೆದದ್ದರಿಂದ ದೃಷ್ಟಿ ಮಂದವಾಗುವುದಿಲ್ಲ. ಆದರೂ ಈ ನಂಬಿಕೆ ಹಿರಿಯರಲ್ಲಿ ಗಟ್ಟಿಯಾಗಿ ಉಳಿಯಲು ಕಾರಣಗಳಿವೆ. ಮೇಲಿನ ಹಲ್ಲಿನ ಕೀವು ಕೆನ್ನೆಗೆ ಏರಿದಾಗ ಕಣ್ಣಿನ ಕೆಳಗೆ ಊದಿಕೊಂಡು ಕಣ್ಣು ಮುಚ್ಚಿಹೋಗುತ್ತದೆ. ಹಲ್ಲು ಕೀಳಿಸುವುದೂ ಆ ಹೊತ್ತಿನಲ್ಲೇ. ಅಲ್ಲದೆ ಹಲ್ಲುಗಳು ಒಂದೊಂದಾಗಿ ಹೋಗುವ ವಯಸ್ಸು ಮತ್ತು ಕಣ್ಣಿಗೆ ಪೊರೆ ಬರುವ ವಯಸ್ಸು ಒಂದೇ ಆಗಿರುತ್ತದೆ. ಮಾವನವರ ಮಾತನ್ನು ನಗುತ್ತಾ ತಳ್ಳಿಹಾಕುವ ಬದಲು ಇದನ್ನು ವಿವರಿಸಿ ಹೇಳಿ. ಜೊತೆಗೆ ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಹೇಗೂ ಆಗಬೇಕು, ಹಲ್ಲಿಗೆ ಮೊದಲೇ ಅದನ್ನು ಮಾಡಿಸಿಬಿಟ್ಟರೆ ಅವರ ಮನಸ್ಸಿಗೂ ಸಮಾಧಾನ.

ಮೇಲಿನ ದವಡೆ ಹಲ್ಲಿಗೆ ನಿಜವಾಗಿ ಹತ್ತಿರವಿರುವುದು ಕಣ್ಣಲ್ಲ, ಮೂಗಿನ ಪಕ್ಕದ ಸೈನಸ್ ಎಂಬ ಗಾಳಿಗೂಡು. ಕೆಲವರಲ್ಲಿ ಬೇರಿಗೂ ಅದಕ್ಕೂ ನಡುವೆ ಇರುವುದು ತೆಳುವಾದ ಮೂಳೆಯ ಪದರ ಮಾತ್ರ. ಹಲ್ಲು ತೆಗೆದ ಮೇಲೆ ಅಲ್ಲೊಂದು ಸಣ್ಣ ದಾರಿ ತೆರೆದುಕೊಂಡರೆ, ಬಾಯಿ ಮುಕ್ಕಳಿಸಿದ ನೀರು ಮೂಗಿನಿಂದ ಬರುತ್ತದೆ. ಸಣ್ಣದಾದರೆ ತಾನಾಗಿ ಮುಚ್ಚುತ್ತದೆ, ದೊಡ್ಡದಾದರೆ ಹೊಲಿದು ಮುಚ್ಚಬೇಕಾಗುತ್ತದೆ. ಆದುದರಿಂದ ಆ ಹಲ್ಲು ತೆಗೆದ ಎರಡು ವಾರ ಮೂಗನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಕಕ್ಕಡದ ಮಳೆಗೂ ಬಾಯಿಯೊಳಗಿನ ಗಾಯಕ್ಕೂ ಯಾವ ನಂಟೂ ಇಲ್ಲ. ಹೊರಗೆ ಎಷ್ಟೇ ಥಂಡಿಯಿದ್ದರೂ ಬಾಯಿ ದೇಹದ ಬಿಸಿಯಲ್ಲೇ ಇರುತ್ತದೆ, ವರ್ಷವಿಡೀ ಎಂಜಲಿನಿಂದ ಒದ್ದೆಯಾಗಿಯೇ ಇರುತ್ತದೆ. ಗಾಯ ಮಾಯುವುದನ್ನು ತಡೆಯುವುದು ಹತೋಟಿ ತಪ್ಪಿದ ಸಕ್ಕರೆ, ಹೊಗೆಸೊಪ್ಪು ಮತ್ತು ಸ್ವಚ್ಛತೆಯ ಕೊರತೆ. ಆದರೆ ಕೊಡಗಿನ ಮಳೆ ಬೇರೊಂದು ರೀತಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ರಾತ್ರಿ ರಕ್ತ ಜಿನುಗತೊಡಗಿದಾಗ ಮರ ಬಿದ್ದು ರಸ್ತೆ ಮುಚ್ಚಿದ್ದರೆ, ಕರೆಂಟು ಹೋಗಿ ಮೊಬೈಲ್ ಸಿಗ್ನಲ್ಲೂ ಇಲ್ಲದಿದ್ದರೆ, ಅದು ಗಾಯದ ತೊಂದರೆಯಲ್ಲದಿದ್ದರೂ ತೊಂದರೆಯೇ. ಆದುದರಿಂದ ಮಳೆ ಸ್ವಲ್ಪ ಬಿಡುವು ಕೊಟ್ಟ ವಾರವನ್ನು, ಅದರಲ್ಲೂ ವಾರದ ಮೊದಲ ದಿನಗಳ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ, ಸಾಧ್ಯವಾದರೆ ಆ ರಾತ್ರಿ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಂಟರ ಮನೆಯಲ್ಲಿ ಉಳಿಯಿರಿ. ಶನಿವಾರ ಸಂಜೆ ಹಲ್ಲು ತೆಗೆಸಿ ತೋಟಕ್ಕೆ ಮರಳುವುದು ನಿಮ್ಮ ಪರಿಸ್ಥಿತಿಯಲ್ಲಿ ಸರಿಯಲ್ಲ.

ಪುತ್ತರಿಯವರೆಗೆ, ಅಂದರೆ ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ವರೆಗೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ವರ್ಷದಲ್ಲಿ ಮೂರು ಸಲ ಬಾವು ಬಂದ ಬುದ್ಧಿಹಲ್ಲು ನಾಲ್ಕನೆಯ ಸಲವೂ ಬರುವ ಸಾಧ್ಯತೆಯೇ ಹೆಚ್ಚು. ಅರ್ಧ ಹೊರಬಂದ ಹಲ್ಲಿನ ಮೇಲೆ ಒಸಡಿನ ಪದರವೊಂದು ಮುಚ್ಚಳದಂತೆ ಉಳಿದಿರುತ್ತದೆ, ಅದರಡಿಯಲ್ಲಿ ಆಹಾರ ಸಿಕ್ಕಿಕೊಂಡು ಕೊಳೆಯುತ್ತದೆ. ಎರಡು ಮೂರು ದಿನದ ಅಮಾಕ್ಸಿಸಿಲಿನ್ ಬಾವನ್ನು ತಗ್ಗಿಸುತ್ತದೆ, ಕಾರಣವನ್ನು ಅಲ್ಲಿಯೇ ಬಿಡುತ್ತದೆ. ಪ್ರತಿ ಸೋಂಕಿನಲ್ಲೂ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಸೋಂಕನ್ನು ಹೆಚ್ಚಿಸುತ್ತದೆ. ಕೆಳದವಡೆಯ ಹಿಂಬದಿಯ ಕೀವು ನಾಲಿಗೆಯ ಕೆಳಕ್ಕೆ, ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ಅಡ್ಡಿಯಾಗುತ್ತದೆ. ಬಾಯಿ ತೆರೆಯಲಾಗದಿರುವುದು, ಉಗುಳು ನುಂಗಲಾಗದಿರುವುದು, ನಾಲಿಗೆ ಮೇಲೆದ್ದಂತಾಗುವುದು, ಕುತ್ತಿಗೆ ಗಟ್ಟಿಯಾಗಿ ಊದುವುದು ಕಂಡರೆ ಮಳೆಯಿರಲಿ ರಾತ್ರಿಯಿರಲಿ ನೇರವಾಗಿ ಮಡಿಕೇರಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ‘ಬಾವು ಇರುವಾಗ ಹಲ್ಲು ಮುಟ್ಟಬಾರದು’ ಎಂಬ ಮಾತೂ ಅರ್ಧ ಸತ್ಯ. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಚುಚ್ಚುಮದ್ದು ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಹೀಗಾಗಿ ಬಾವು ತಗ್ಗಿಸಿ ತೆಗೆಯುವುದು ರೋಗಿಗೆ ಹಿತ. ಬಾವು ಹೋದ ಮೇಲೆ ಹಲ್ಲನ್ನೇ ಮರೆತುಬಿಡುವುದು ಆ ಮಾತಿನ ಅರ್ಥವಲ್ಲ.

ಎರಡನ್ನೂ ಒಂದೇ ದಿನ ತೆಗೆಸುವ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬೇಡ. ಮೊದಲ ಭೇಟಿಯಲ್ಲಿ ಮೇಲಿನ ಮುರಿದ ಹಲ್ಲನ್ನು ತೆಗೆದರೆ, ಅವರ ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಗಾಯ ಹೇಗೆ ಮಾಯುತ್ತದೆ ಎಂಬುದು ವೈದ್ಯರಿಗೂ ನಿಮಗೂ ತಿಳಿಯುತ್ತದೆ. ಮೂರು ವಾರದ ನಂತರ ಕೆಳಗಿನ ಹಲ್ಲು. ಅಷ್ಟರಲ್ಲಿ ಬಲಬದಿ ಅಗಿಯಲು ಸಿದ್ಧವಾಗಿರುತ್ತದೆ. ಒಂದೇ ದಿನ ಎರಡೂ ಬದಿ ಗಾಯವಾದರೆ ಊಟ ಕಡಿಮೆಯಾಗುತ್ತದೆ, ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬಾವು ಬಂದಿರುವುದು ಕೆಳಗಿನ ಹಲ್ಲಿಗೇ ಆದ್ದರಿಂದ ಅದೇ ಮೊದಲಾಗಲಿ ಎಂದು ನಿಮ್ಮ ವೈದ್ಯರು ಹೇಳಿದರೆ ಅದೂ ತಪ್ಪಲ್ಲ. ನಾನು ಹೇಳುತ್ತಿರುವುದು ಒಂದೇ ದಿನ ಬೇಡವೆಂದು ಮಾತ್ರ. ದೂರದ ರಸ್ತೆಯಲ್ಲಿ ಎರಡು ಸಲ ಬರುವ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇಲ್ಲಿ ಅದನ್ನು ಸಹಿಸಿಕೊಳ್ಳಿ ಎಂದೇ ಹೇಳುತ್ತೇನೆ. ಈಗ ಆರಂಭಿಸಿದರೆ ಪುತ್ತರಿಗೆ ಬಹಳ ಮೊದಲೇ ಎರಡೂ ಗಾಯಗಳ ಮೇಲೆ ಒಸಡು ಮುಚ್ಚಿರುತ್ತದೆ. ಒಳಗಿನ ಮೂಳೆ ತುಂಬಲು ಮೂರು ನಾಲ್ಕು ತಿಂಗಳು ಬೇಕು, ಆದರೆ ಅಷ್ಟರವರೆಗೆ ಊಟಕ್ಕೆ ಅಡ್ಡಿಯಿಲ್ಲ.

ಕೆಳಗಿನ ಹಲ್ಲಿಗೆ ಮೊದಲು ಇಡೀ ದವಡೆಯ ಎಕ್ಸ್‌ರೇ, ಅಂದರೆ ಒಪಿಜಿ, ಆಗಲೇಬೇಕು. ಆ ಹಲ್ಲಿನ ಬೇರಿನ ಕೆಳಗೇ ತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಬೇರು ನರಕ್ಕೆ ತಾಗಿದಂತೆ ಕಂಡರೆ ಮೂರು ಆಯಾಮದ ಸ್ಕ್ಯಾನ್ ಕೇಳುತ್ತಾರೆ, ಅದು ಅನಗತ್ಯ ಖರ್ಚಲ್ಲ. ನರಕ್ಕೆ ಒತ್ತಡ ಬಿದ್ದರೆ ತುಟಿ ಜೋಮು ಹಿಡಿದಂತಿರುತ್ತದೆ. ಇದು ನೂರರಲ್ಲಿ ಕೆಲವರಿಗಷ್ಟೇ ಆಗುತ್ತದೆ, ಹೆಚ್ಚಿನವರಲ್ಲಿ ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ, ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ನರಕ್ಕೆ ತೀರಾ ಅಂಟಿದ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಉಳಿಸುವ ವಿಧಾನವೂ ಇದೆ, ಆದರೆ ಹುಳುಕು ಹಲ್ಲಿನ ಜೀವಭಾಗಕ್ಕೆ ಇಳಿದಿದ್ದರೆ ಅದು ಒಗ್ಗುವುದಿಲ್ಲ. 68ರ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಿರುವುದರಿಂದ ಈ ಕೆಲಸವನ್ನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರಿಂದಲೇ ಮಾಡಿಸಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇರುವುದು ನಿಮ್ಮ ಭಾಗದವರಿಗೆ ದೊಡ್ಡ ಅನುಕೂಲ.

ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಹೃದಯಕ್ಕೆ ಸ್ಟೆಂಟ್ ಇರುವವರಲ್ಲಿ ಜಾಗವನ್ನಷ್ಟೇ ಮರಗಟ್ಟಿಸುವುದು ಹೆಚ್ಚು ಸುರಕ್ಷಿತ. ಆ ಚುಚ್ಚುಮದ್ದಿನಲ್ಲಿ ಅಡ್ರಿನಾಲಿನ್ ಇರುತ್ತದೆಂದು ಕೆಲವರು ಹೆದರುತ್ತಾರೆ. ಹೃದ್ರೋಗಿಗಳಿಗೆ ಅದನ್ನು ಒಂದು ಭೇಟಿಯಲ್ಲಿ ಸಾಮಾನ್ಯವಾಗಿ 0.04 ಮಿಲಿಗ್ರಾಂ ಮೀರದಂತೆ ಕೊಡುತ್ತೇವೆ. ಮರಗಟ್ಟದೆ ನೋವು ತಿಂದರೆ ದೇಹವೇ ಸುರಿಸುವ ಅಡ್ರಿನಾಲಿನ್ ಅದಕ್ಕಿಂತ ಹೆಚ್ಚು ಹಾನಿಕರ. ಸ್ಟೆಂಟ್ ಇದೆಯೆಂಬ ಒಂದೇ ಕಾರಣಕ್ಕೆ ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೂಡ ಬೇಕಿಲ್ಲ, ಅದು ಬೇಕಾಗುವುದು ಕೃತಕ ಕವಾಟ ಇರುವವರಿಗೆ ಮತ್ತು ಅಂಥ ಕೆಲವರಿಗೆ. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಗೆ ಬೇಕೋ ಬೇಡವೋ ಎಂಬುದನ್ನು ಶಸ್ತ್ರಚಿಕಿತ್ಸಕರು ನಿರ್ಧರಿಸಲಿ.

ಆ ದಿನ ಬೆಳಗ್ಗೆ ಮಾವನವರು ಎಂದಿನಂತೆ ತಿಂಡಿ ತಿಂದು, ಹೃದಯದ, ಬಿಪಿಯ, ಸಕ್ಕರೆಯ ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡೇ ಬರಬೇಕು. ಹಲ್ಲು ತೆಗೆಸಲು ಉಪವಾಸ ಬರುವವರು ಈಗಲೂ ಇದ್ದಾರೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಅಪಾಯ. ಎಚ್‌ಬಿಎ1ಸಿ 7.8 ಇರುವಾಗ ಮುಂದುವರಿಯಬಹುದು. ಆದರೆ ಅಂದು ಗ್ಲುಕೋಮೀಟರ್ 250ಕ್ಕಿಂತ ಹೆಚ್ಚು ತೋರಿಸಿದರೆ, ಅಥವಾ ಬಿಪಿ 180/110 ದಾಟಿದ್ದರೆ ಮುಂದೂಡುವುದೇ ಸರಿ. ಔಷಧಿಗಳ ಚೀಟಿ, ಸ್ಟೆಂಟ್ ಹಾಕಿದಾಗಿನ ಡಿಸ್‌ಚಾರ್ಜ್ ಪತ್ರ, ಸ್ವಲ್ಪ ಗ್ಲುಕೋಸ್ ಪುಡಿ ಕೈಯಲ್ಲಿರಲಿ. ಯಾವಾಗಲಾದರೂ ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಕೊಡುವ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಮರೆಯದೆ ಹೇಳಿ, ದವಡೆಯ ಮೂಳೆ ಮಾಯುವುದಕ್ಕೂ ಅದಕ್ಕೂ ಸಂಬಂಧವಿದೆ.

ಹಲ್ಲು ತೆಗೆದ ಮೇಲೆ ಎಲ್ಲವೂ ನಿಂತಿರುವುದು ಗುಳಿಯಲ್ಲಿ ಕಟ್ಟುವ ಹೆಪ್ಪಿನ ಮೇಲೆ. ಕೊಟ್ಟ ಗಾಜ್ ಅನ್ನು 45 ನಿಮಿಷ ಬಿಗಿಯಾಗಿ ಕಚ್ಚಿಕೊಂಡಿರಬೇಕು, ನಡುನಡುವೆ ತೆಗೆದು ರಕ್ತ ನಿಂತಿದೆಯೇ ಎಂದು ನೋಡಬಾರದು. ಮೊದಲ 24 ಗಂಟೆ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು ಯಾವುದೂ ಕೂಡದು, ಎಂಜಲನ್ನು ನುಂಗಬೇಕು. ರಾತ್ರಿ ತಲೆದಿಂಬನ್ನು ಎತ್ತರಿಸಿ ಮಲಗಲಿ. ಮನೆಯಲ್ಲಿ ಮತ್ತೆ ರಕ್ತ ಬಂದರೆ ಬಾಯನ್ನು ಮೆಲ್ಲನೆ ಒರೆಸಿ, ಸ್ವಚ್ಛ ಗಾಜ್ ಮಡಿಸಿ ಗುಳಿಯ ಮೇಲೆಯೇ ಇಟ್ಟು ಅರ್ಧ ಗಂಟೆ ಕಚ್ಚಿಸಿ. ಗಾಜ್ ಇಲ್ಲದಿದ್ದರೆ ನೀರಿನಲ್ಲಿ ಅದ್ದಿ ಹಿಂಡಿದ ಟೀ ಬ್ಯಾಗ್ ಕೂಡ ಆಗುತ್ತದೆ, ಅದರ ಒಗರಿನ ಅಂಶಕ್ಕೆ ರಕ್ತ ನಿಲ್ಲಿಸಲು ನೆರವಾಗುವ ಗುಣವಿದೆ. ಹೀಗೆ ಎರಡು ಸಲ ಒತ್ತಿದರೂ ಬಾಯಿ ತುಂಬುವಷ್ಟು ರಕ್ತ ಬರುತ್ತಿದ್ದರೆ ವೈದ್ಯರಲ್ಲಿಗೆ ಹೊರಡಿ. ಆಗಲೂ ರಾತ್ರಿಯ ಮಾತ್ರೆಯನ್ನು ನೀವಾಗಿ ತಪ್ಪಿಸಬೇಡಿ, ಕೇಳಿಯೇ ಮುಂದುವರಿಯಿರಿ.

ಊತ ಎರಡನೆಯ ಮತ್ತು ಮೂರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಗೆ ಕಾಲು ಗಂಟೆ ಇಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಇಡಿ. ಕೆನ್ನೆ, ಕುತ್ತಿಗೆ ನೀಲಿಗಟ್ಟಿದರೆ ಗಾಬರಿ ಬೇಡ, ಈ ಮಾತ್ರೆಗಳಿರುವವರಲ್ಲಿ ಅದು ಸಾಮಾನ್ಯ. 24 ಗಂಟೆಯ ನಂತರ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಊಟದ ಬಳಿಕ ಮೆಲ್ಲನೆ ಬಾಯಿಯಲ್ಲಿ ಆಡಿಸಿ ಚೆಲ್ಲಲಿ. ನೋವಿಗೆ ಬ್ರಾಂದಿ ಮುಕ್ಕಳಿಸುವುದು ಬೇಡ, ಮನೆಯಲ್ಲಿ ಮಾಡಿದ ವೈನ್ ಕೂಡ ಆ ವಾರ ಬೇಡ.

ಊಟಕ್ಕೆ ಆರಿದ ಗಂಜಿ, ಮೆತ್ತಗಿನ ಅನ್ನ, ಹಾಲಿನಲ್ಲಿ ನೆನೆಸಿದ ನೂಲ್‌ಪುಟ್ಟು, ಮೊಟ್ಟೆ ಒಳ್ಳೆಯದು. ಗಂಜಿ, ಹಾಲು ಎಂದು ಮೆತ್ತನೆಯದನ್ನೇ ಉಣ್ಣುವಾಗ ಸಕ್ಕರೆ ಏರಿಳಿಯುವುದುಂಟು, ದಿನಕ್ಕೆ ಎರಡು ಸಲ ಪರೀಕ್ಷಿಸಿ. ಅಕ್ಕಿ ರೊಟ್ಟಿಯ ಗರಿಗರಿ ಅಂಚು, ಮೆಣಸು ಮತ್ತು ಕಾಚಂಪುಳಿ ಹಾಕಿದ ಪಂದಿ ಕರಿ ಒಂದು ವಾರ ದೂರವಿರಲಿ. ಕಾಫಿ ಬಿಡಿಸುವ ಅಗತ್ಯವಿಲ್ಲ, ಆದರೆ ಮೊದಲ ದಿನ ಅದು ಆರಿರಬೇಕು, ಬಿಸಿ ತಾಗಿದರೆ ಹೆಪ್ಪು ಸಡಿಲವಾಗಿ ರಕ್ತ ಮತ್ತೆ ಜಿನುಗುತ್ತದೆ.

ಕಡಿಮೆಯಾಗುತ್ತಿದ್ದ ನೋವು ಮೂರನೆಯ ಅಥವಾ ನಾಲ್ಕನೆಯ ದಿನ ಹಠಾತ್ತನೆ ಹೆಚ್ಚಾಗಿ ಕಿವಿಯವರೆಗೆ ಹರಡಿದರೆ, ಬಾಯಿಯಲ್ಲಿ ದುರ್ವಾಸನೆ ಬಂದರೆ, ಹೆಪ್ಪು ಕರಗಿ ಮೂಳೆ ತೆರೆದುಕೊಂಡಿದೆ ಎಂದು ಅರ್ಥ. ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತೇವೆ. ಮೇಲಿನ ಹಲ್ಲಿಗಿಂತ ಕೆಳಗಿನ ಬುದ್ಧಿಹಲ್ಲಿನಲ್ಲಿ ಇದು ಹೆಚ್ಚು, ಹೊಗೆಸೊಪ್ಪು ಬಳಸುವವರಲ್ಲಿ ಇನ್ನೂ ಹೆಚ್ಚು. ಆ್ಯಂಟಿಬಯಾಟಿಕ್ ನುಂಗಿದರೆ ಇದು ಹೋಗುವುದಿಲ್ಲ. ಗುಳಿಯನ್ನು ತೊಳೆದು ಲವಂಗದ ಎಣ್ಣೆಯ ಅಂಶವಿರುವ ಮದ್ದನ್ನು ಒಳಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೋವು ತಗ್ಗುತ್ತದೆ.

ಕೊನೆಯದಾಗಿ ಎಲೆ ಅಡಿಕೆ ಮತ್ತು ಹೊಗೆಸೊಪ್ಪು. ಕನಿಷ್ಠ ಹಲ್ಲು ತೆಗೆಯುವ ಕೆಲವು ದಿನ ಮೊದಲಿನಿಂದ ಗಾಯ ಮುಚ್ಚುವವರೆಗೆ ಅವನ್ನು ಬಿಟ್ಟಿರಲೇಬೇಕು, ಅಲ್ಲಿಂದ ಮುಂದೆಯೂ ಬಿಟ್ಟರೆ ನನಗೆ ಬಹಳ ಸಂತೋಷ. ಇಷ್ಟು ವರ್ಷದ ಅಭ್ಯಾಸವಿರುವವರ ಬಾಯಿಯನ್ನು ಹಲ್ಲಿಗಷ್ಟೇ ನೋಡಿ ಕಳುಹಿಸುವುದು ಸರಿಯಲ್ಲ. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಬಾಯಿ ಮೂರು ಬೆರಳಿನಷ್ಟು ತೆರೆಯುತ್ತದೆಯೇ ಎಂದು ನೋಡಲು ವೈದ್ಯರನ್ನು ನೀವಾಗಿಯೇ ಕೇಳಿ. ಹಲ್ಲು ತೆಗೆದ ಗಾಯವಾಗಲಿ ಬಾಯಿಯ ಬೇರೆ ಯಾವ ಹುಣ್ಣಾಗಲಿ ಮೂರು ವಾರ ಕಳೆದರೂ ಮಾಯದಿದ್ದರೆ, ಅಥವಾ ಗುಳಿಯೊಳಗಿಂದ ಮಾಂಸ ಬೆಳೆದಂತೆ ಕಂಡರೆ, ಸಕ್ಕರೆ ಕಾಯಿಲೆಯಿಂದ ನಿಧಾನವಾಗಿರಬಹುದೆಂದು ಕಾಯದೆ ಬಯಾಪ್ಸಿ, ಅಂದರೆ ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ, ಮಾಡಿಸಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿರುವಾಗಲೂ ಆ ಪರೀಕ್ಷೆಯನ್ನು ಮಾಡಬಹುದು.